ಮಳೆಗಾಲ ಇಡೀ ರಾತ್ರಿ ಕೂಗುವ ಆ ಹಕ್ಕಿ ಬೇಸಗೆಯಲ್ಲಿ ಎಲ್ಲಿಗೆ ಹೋಗ್ತದೆ?

ಓದುಗರ ಪ್ರಶ್ನೆ: ನಮ್ಮದು ಬದಿಯಡ್ಕ ಹತ್ರ. ಮನೆ ಕೆಳಗೆ ಅಡಕೆ ತೋಟ, ತೋಟದ ಕೊನೆಗೆ ಒಂದು ಹಳೇ ಕೆರೆ. ಮಳೆ ಹಿಡಿದ ಮೇಲೆ ಆ ಕೆರೆ ಬದಿಯ ಬಲ್ಲೆಯಿಂದ ರಾತ್ರಿ ಇಡೀ ಎಂತದೋ ಕ್ರ್‌ರ್ ಕ್ವಾಕ್ ಕ್ವಾಕ್ ಅಂತ ಕೂಗ್ತದೆ, ನಿಲ್ಸುದೇ ಇಲ್ಲ. ಅಮ್ಮ ಅದು ಕಪ್ಪೆ ಅಂತಾರೆ, ಆಚೆಮನೆಯವರು ಕುಳಕ್ಕೋಳಿ ಅಂತಾರೆ. ಬೇಸಗೆಯಲ್ಲಿ ಒಂದು ದಿನ ಕೂಡ ಕೇಳಿದ್ದಿಲ್ಲ. ಇದು ಯಾವ ಹಕ್ಕಿ, ಬೇಸಗೆಯಲ್ಲಿ ಎಲ್ಲಿಗೆ ಹೋಗ್ತದೆ? ಓಡಿಸ್ಲಿಕ್ಕೆ ದಾರಿ ಉಂಟಾ?

ಆಚೆಮನೆಯವರು ಹೇಳಿದ್ದೇ ಸರಿ. ಅದು ಹುಂಡುಕೋಳಿ, ಮಲಯಾಳದಲ್ಲಿ ಕುಳಕ್ಕೋಳಿ, ಪಕ್ಷಿ ಪುಸ್ತಕಗಳಲ್ಲಿ ವೈಟ್‌ಬ್ರೆಸ್ಟೆಡ್ ವಾಟರ್‌ಹೆನ್ ಅಂತ ಇರ್ತದೆ. ಮತ್ತೆ ಅದು ಎಲ್ಲಿಗೂ ಹೋಗುದಿಲ್ಲ ಮಾರಾಯ್ರೆ, ಬೇಸಗೆಯಲ್ಲೂ ನಿಮ್ಮ ಅದೇ ತೋಟದಲ್ಲಿ, ಹೆಚ್ಚೆಂದ್ರೆ ತೋಡಿನಲ್ಲಿ ಸ್ವಲ್ಪ ಕೆಳಗೆ ನೀರು ಇರುವಲ್ಲಿ, ಬಾಯಿ ಮುಚ್ಚಿಕೊಂಡು ಇರ್ತದೆ ಅಷ್ಟೇ. ಜೂನ್ ಜುಲೈ ಬಂತು ಅಂದ್ರೆ ಈ ಪ್ರಶ್ನೆ ಯಾರಾದ್ರೂ ಕೇಳಿಯೇ ಕೇಳ್ತಾರೆ, ಪೆರ್ಲದಿಂದ ಮುಳ್ಳೇರಿಯದ ತನಕ ಎಲ್ಲರ ತೋಟದಲ್ಲೂ ಇದೇ ಕಥೆ, ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೀತೇನೆ.

ಮೊದಲು ಕಪ್ಪೆ ವಿಷಯ ಮುಗಿಸುವ. ಅಮ್ಮ ಹೇಳಿದ್ದು ಪೂರ್ತಿ ತಪ್ಪು ಅಂತ ಹೇಳ್ಲಿಕ್ಕಾಗುದಿಲ್ಲ ಯಾಕಂದ್ರೆ ಮೊದಲ ಜೋರು ಮಳೆಗೆ ಗೋಂಕುರು ಕಪ್ಪೆಗಳು ಕೂಡ ಅದೇ ಕೆರೆಯಲ್ಲಿ, ಅದೇ ಗದ್ದೆಯಲ್ಲಿ ಗಂಡುಗಳೆಲ್ಲ ಹಳದಿ ಬಣ್ಣ ತಿರುಗಿ ಗುಂಪಾಗಿ ಕೂಗ್ತವೆ. ಆದ್ರೆ ಕಪ್ಪೆ ಅಂದ್ರೆ ಗುಂಪು, ನಾಲ್ಕು ಕಡೆಯಿಂದ ಒಟ್ಟಿಗೆ ಸ್ವರ ಬರ್ತದೆ, ನೀವು ಹತ್ರ ಹೋದ್ರೆ ಎಲ್ಲ ಒಂದೇ ಸಲ ಸುಮ್ನಾಗ್ತವೆ. ಹುಂಡುಕೋಳಿಯದ್ದು ಒಂದೇ ಜಾಗದಿಂದ, ಒಂದೇ ತಾಳದಲ್ಲಿ, ಶುರುವಿಗೆ ಗಂಟಲು ಸರಿ ಮಾಡುವ ಕ್ರ್‌ರ್ ಕ್ರ್‌ರ್, ಗೊರಕೆ, ಗುರುಗುಟ್ಟುದು ಎಲ್ಲ ಇರ್ತದೆ, ಹಳೇ ಡೀಸೆಲ್ ಪಂಪು ಸ್ಟಾರ್ಟ್ ಆಗುವ ಮೊದಲು ಕೆಮ್ಮಿದ ಹಾಗೆ, ಆಮೇಲೆ ಲಯ ಸಿಕ್ಕಿತು ಅಂದ್ರೆ ಕ್ವಾಕ್ ಕ್ವಾಕ್ ಕ್ವಾಕ್ ಅಂತ ಹದಿನೈದು ನಿಮಿಷ ಬಿಡದೆ ಹೋಗ್ತದೆ, ಕೆಲವು ಸಲ ಅದಕ್ಕಿಂತಲೂ ಜಾಸ್ತಿ. ಇಷ್ಟು ಸಣ್ಣ ಹಕ್ಕಿಗೆ ಇಷ್ಟು ದೊಡ್ಡ ಸ್ವರವಾ ಅಂತ ನೋಡಿದವರಿಗೆ ನಂಬ್ಲಿಕ್ಕೆ ಕಷ್ಟ.

ರಾತ್ರಿ ಒಂದೇ ಒಂದು ಸಲ "ಕ್ವಾಕ್" ಅಂತ ತಲೆ ಮೇಲಿನಿಂದ ಕೇಳಿ, ಸ್ವಲ್ಪ ಹೊತ್ತು ಬಿಟ್ಟು ದೂರದಲ್ಲಿ ಇನ್ನೊಂದು ಸಲ ಕೇಳಿದ್ರೆ ಅದು ಹಾರ್ತಾ ಹೋಗುವ ಇರುಳು ಬಕ. ಪಾರೆ ಮೇಲೆ ಮನೆ ಇರುವವರಿಗೆ ನಡುರಾತ್ರಿ ಗಾಬರಿ ಬಿದ್ದು ಕಿರುಚುದು ಕೇಳಿದ್ರೆ ಅದು ಟಿಟ್ಟಿಭ. ಇವೆರಡನ್ನೂ ಹುಂಡುಕೋಳಿ ಲೆಕ್ಕಕ್ಕೆ ಸೇರ್ಸಬೇಡಿ.

ನೋಡ್ಲಿಕ್ಕೆ ಹೇಗೆ ಅಂದ್ರೆ, ಸಣ್ಣ ಊರುಕೋಳಿಯಷ್ಟು, ಉದ್ದ ಸುಮಾರು 30 ಸೆಂಟಿಮೀಟರ್, ಒಂದೆರಡು ಸೆಂಟಿಮೀಟರ್ ಆಚೀಚೆ. ಬೆನ್ನು ಕಪ್ಪು ಬೂದಿ ಬಣ್ಣ, ಮುಖ ಗಂಟಲು ಎದೆ ಎಲ್ಲ ಬಿಳಿ, ಬಾಲದ ಅಡಿಗೆ ಇಟ್ಟಿಗೆ ಕೆಂಪು. ಕೊಕ್ಕು ಹಳದಿ ಹಸಿರು, ಮೇಲಿನ ಕೊಕ್ಕಿನ ಬುಡದಲ್ಲಿ ಒಂದು ಚೂರು ಕೆಂಪು. ಕಾಲು ಹಳದಿ, ಬೆರಳು ಮಾತ್ರ ಮೈಗೆ ಹೋಲಿಸಿದ್ರೆ ತೀರಾ ಉದ್ದ. ಗಂಡು ಹೆಣ್ಣು ನೋಡಿ ಬೇರೆ ಮಾಡ್ಲಿಕ್ಕೆ ಆಗುದಿಲ್ಲ, ಹೆಣ್ಣು ಸ್ವಲ್ಪ ಸಣ್ಣ ಅಷ್ಟೇ. ದೊಡ್ಡ ಕೆರೆಗಳಲ್ಲಿ, ಪಳ್ಳಗಳಲ್ಲಿ ಈಜಾಡುವ, ಹಣೆಯ ಮೇಲೆ ಕೆಂಪು ಬಿಲ್ಲೆ ಮತ್ತೆ ಹಳದಿ ತುದಿಯ ಕೆಂಪು ಕೊಕ್ಕು ಇರುವ ಕಪ್ಪು ಹಕ್ಕಿ ಬೇರೆ, ಅದು ಮೂರ್‌ಹೆನ್. ಅದರ ಎದೆ ಬಿಳಿ ಇಲ್ಲ. ಎರಡೂ ಒಂದೇ ಕುಟುಂಬ, ಆದ್ರೆ ಮೂರ್‌ಹೆನ್‌ಗೆ ಅಡಕೆ ತೋಟದ ಸಣ್ಣ ಕೆರೆ ಸಾಕಾಗುದಿಲ್ಲ, ಹುಂಡುಕೋಳಿಗೆ ಬಚ್ಚಲ ನೀರು ಹೋಗುವ ಕಣಿ ಕೂಡ ಸಾಕು.

ಈಗ ಅಸಲು ವಿಷಯ, ಕೂಗುದು ಯಾಕೆ. ಮಳೆಗಾಲ ಅಂದ್ರೆ ಅದಕ್ಕೆ ಸಂಸಾರದ ಕಾಲ. ನಮ್ಮ ಕಡೆ ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್ ತನಕ ಮೊಟ್ಟೆ ಮರಿ ನಡೀತದೆ. ನಮ್ಮ ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನೀರಿಗೆ ಎರೆಹುಳ ಮೇಲೆ ಬರ್ತದೆ, ಬಸವನಹುಳ, ನರ್ತೆ, ಕಪ್ಪೆಮರಿ, ಸಣ್ಣ ಮೀನು, ನೂರು ನಮೂನೆ ಹುಳಹುಪ್ಪಟೆ, ಇದೆಲ್ಲ ಮರಿಗಳಿಗೆ ಊಟ. ಬಲ್ಲೆ, ಹುಲ್ಲು, ಕೆಸು ಎಲ್ಲ ಆಳೆತ್ತರ ಬೆಳೆದು ಗೂಡು ಅಡಗಿಸ್ಲಿಕ್ಕೆ ಜಾಗವೂ ಆಗ್ತದೆ. ಹಾಗಾಗಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡೀಬೇಕಾದ್ರೆ ಪ್ರತಿ ಜೋಡಿಯೂ ತನ್ನ ಜಾಗದ ಗಡಿ ಹೇಳ್ಲಿಕ್ಕೆ ಶುರು ಮಾಡ್ತದೆ: ಈ ಕೆರೆ, ಈ ಕಣಿ, ಈ ಮುಂಡುಗದ ಬಲ್ಲೆ ನಮ್ಮದು, ಬೇರೆ ಯಾರೂ ಬರಬೇಡಿ ಅಂತ. ಜೋಡಿ ಇನ್ನೂ ಆಗದಿದ್ದದ್ದು ಜೋಡಿಗೆ ಕರೀತದೆ, ಜೋಡಿ ಆದದ್ದು ಕೆಲವು ಸಲ ಇಬ್ಬರೂ ಸೇರಿ ಕೂಗ್ತಾರೆ, ಅದಕ್ಕೇ ಒಮ್ಮೊಮ್ಮೆ ಇಬ್ಬರು ಬಾಯಿಗೆ ಬಾಯಿ ಕೊಟ್ಟು ಜಗಳ ಮಾಡಿದ ಹಾಗೆ ಕೇಳುದು. ಕೆಳಗಿನ ತೋಟದ್ದು ಕೂಗಿದ್ರೆ ಮೇಲಿನ ತೋಟದ್ದು ಉತ್ತರ ಕೊಡ್ತದೆ, ಹಾಗೆ ಬೈಲು ಉದ್ದಕ್ಕೂ ಸುದ್ದಿ ಹೋಗ್ತದೆ.

ಇದು ಕೂಗಿದ್ರೆ ಮಳೆ ಬರ್ತದೆ ಅಂತ ಹೇಳುವ ಹಿರಿಯರು ಈಗ್ಲೂ ಇದ್ದಾರೆ. ಮಳೆ ಬರುವ ಕಾಲಕ್ಕೆ ಕೂಗ್ತದೆ ಅನ್ನುದು ಸರಿ, ಆದ್ರೆ ನಾಳೆ ಮಳೆ ಬರ್ತದಾ ಇಲ್ವಾ ಅಂತ ಇದನ್ನು ಕೇಳಿ ಅಡಕೆ ಒಣಗಿಸ್ಲಿಕ್ಕೆ ಹಾಕಿದ್ರೆ ಅಂಗಳದಲ್ಲಿ ಅಡಕೆ ನೆನೆದೀತು.

ರಾತ್ರಿಯೇ ಯಾಕೆ ಅಂತ ಕೇಳ್ತೀರಿ. ರಾತ್ರಿ ಮಾತ್ರ ಅಲ್ಲ, ಬೆಳಿಗ್ಗೆ ಬೆಳಕು ಹರಿಯುವಾಗ ಮತ್ತೆ ಸಂಜೆ ಕತ್ತಲೆ ಕವಿಯುವಾಗ ಅತಿ ಜಾಸ್ತಿ, ಮೋಡ ಕವಿದ ದಿನ ಮಧ್ಯಾಹ್ನ ಕೂಡ ಕೂಗ್ತದೆ. ನಾವು ಹಗಲು ಟಿವಿ, ಮಿಕ್ಸಿ, ಹುಲ್ಲು ಹೆರೆಯುವ ಮೆಷಿನ್ ಇದರ ಮಧ್ಯೆ ಗಮನ ಕೊಡುದಿಲ್ಲ. ಇದು ರೈಲ್ ಅನ್ನುವ ಕುಟುಂಬಕ್ಕೆ ಸೇರಿದ ಹಕ್ಕಿ, ಈ ಕುಟುಂಬದ ಹೆಚ್ಚಿನವರು ಮುಸ್ಸಂಜೆಯ ಜನ, ದಟ್ಟ ಬಲ್ಲೆಯೊಳಗೆ ಬದುಕುವವರು. ಬಲ್ಲೆಯೊಳಗೆ ಒಂದಕ್ಕೊಂದು ಕಣ್ಣಿಗೆ ಬೀಳುದಿಲ್ಲ, ನವಿಲಿನ ಹಾಗೆ ಗರಿ ಬಿಚ್ಚಿ ತೋರಿಸಿ ಪ್ರಯೋಜನ ಇಲ್ಲ, ಹಾಗಾಗಿ ಇವರ ವ್ಯವಹಾರ ಎಲ್ಲ ಸ್ವರದಲ್ಲೇ. ಈ ಕುಟುಂಬದಲ್ಲಿ ತೀರಾ ನಾಚಿಕೆಯವು ಉಂಟು, ಕೆಲವು ಸಣ್ಣ ಜಾತಿಯ ಕ್ರೇಕ್‌ಗಳು ಗದ್ದೆಯಲ್ಲಿ ಇದ್ದರೂ ಜನ್ಮದಲ್ಲಿ ಒಂದು ಸಲ ಕಾಣುದು ಕಷ್ಟ. ಅದಕ್ಕೆ ಹೋಲಿಸಿದ್ರೆ ಹುಂಡುಕೋಳಿ ಧೈರ್ಯದ್ದು, ಹಟ್ಟಿ ಹಿಂದೆ, ಬಸಳೆ ಚಪ್ಪರದ ಅಡಿಗೆ, ಬಾಳೆ ಬುಡಕ್ಕೆ ಎಲ್ಲ ಬರ್ತದೆ, ಜನ ಕಂಡ್ರೆ ಓಡಿ ಒಂದು ಬಲ್ಲೆಯೊಳಗೆ ನುಗ್ಗಿ ಎರಡು ನಿಮಿಷಕ್ಕೆ ಮತ್ತೆ ಹೊರಗೆ.

ಆ ನುಗ್ಗುದು ನೋಡ್ಬೇಕು. ಎದುರಿನಿಂದ ನೋಡಿದ್ರೆ ಮೈ ಎರಡೂ ಬದಿಯಿಂದ ಒತ್ತಿದ ಹಾಗೆ ಸಪೂರ, ಅದಕ್ಕೇ ಮುಂಡುಗದ ಮುಳ್ಳಿನ ಮಧ್ಯೆ, ಹುಲ್ಲಿನ ಸೀಳಿನಲ್ಲಿ ಎಲೆ ಅಲ್ಲಾಡದ ಹಾಗೆ ಹೋಗ್ತದೆ. ಉದ್ದ ಬೆರಳು ಕೆಸರಲ್ಲಿ ಹೂತು ಹೋಗದ ಹಾಗೆ, ತೇಲುವ ಸೊಪ್ಪಿನ ಮೇಲೆ ಭಾರ ಹಂಚಿ ನಡೀಲಿಕ್ಕೆ. ಬಾತುಕೋಳಿಯ ಹಾಗೆ ಬೆರಳ ಮಧ್ಯೆ ಚರ್ಮ ಇಲ್ಲ, ಆದ್ರೂ ಬೇಕಾದ್ರೆ ಈಜ್ತದೆ. ಹಾರಿದ್ರೆ ಕಾಲು ನೇತಾಡಿಸಿಕೊಂಡು, ಈಗ ಬಿದ್ದೀತು ಇನ್ನು ಬಿದ್ದೀತು ಅನ್ನುವ ಹಾಗೆ ಹಾರಿ ಆಚೆ ಬದಿಯ ಬಲ್ಲೆಗೆ ಬಿದ್ದುಬಿಡ್ತದೆ. ಇಷ್ಟು ಸೋಮಾರಿ ಹಾರಾಟ ನೋಡಿ ಇದಕ್ಕೆ ದೂರ ಹಾರ್ಲಿಕ್ಕೆ ಬರುದಿಲ್ಲ ಅಂತ ಅನ್ಕೊಂಡ್ರೆ ತಪ್ಪು, ಇದೇ ಜಾತಿ ಚೀನಾ ಕಡೆಯಲ್ಲಿ ಚಳಿಗೆ ವಲಸೆ ಹೋಗ್ತದೆ, ನಮ್ಮಿಂದ ನೈರುತ್ಯಕ್ಕೆ ಸಮುದ್ರದ ಮಧ್ಯೆ ಇರುವ ಮಾಲ್ದೀವ್ಸ್‌ನಲ್ಲಿ ಕೂಡ ಊರ ಹಕ್ಕಿಯೇ ಆಗಿ ನೆಲೆಸಿದೆ. ಕಾಸರಗೋಡಿನದ್ದು ಮಾತ್ರ ಎಲ್ಲಿಗೂ ಹೋಗದೆ ಇಲ್ಲೇ ಇರುದು, ಹೋಗುವ ಅಗತ್ಯ ಇಲ್ಲ ಅದಕ್ಕೆ.

ನಡೆಯುವಾಗ ಮೋಟು ಬಾಲ ಮೇಲೆ ಕೆಳಗೆ ಕುಣಿಸ್ತಾ ಇರ್ತದೆ, ಪ್ರತಿ ಸಲ ಅಡಿಯ ಕೆಂಪು ಮಿಂಚಿ ಹೋಗ್ತದೆ. ಅಡಗಿ ಬದುಕುವ ಹಕ್ಕಿ ಇಂಥ ಬಣ್ಣ ತೋರಿಸಿಕೊಂಡು ಯಾಕೆ ತಿರುಗುದು ಅಂತ ನನಗೆ ಮೊದಲಿಂದ್ಲೂ ಕುತೂಹಲ. ಇದೇ ಕುಟುಂಬದ ಬೇರೆ ಹಕ್ಕಿಗಳ ಮೇಲೆ ಅಧ್ಯಯನ ಮಾಡಿದವರು ಹೇಳುದು ಎಂತ ಅಂದ್ರೆ, ಬೇಟೆ ಮಾಡ್ಲಿಕ್ಕೆ ಬಂದವನಿಗೆ ಇದು ಒಂದು ಸೂಚನೆ, ನಿನ್ನನ್ನು ನಾನು ನೋಡಿ ಆಯ್ತು, ಹೊಂಚು ಹಾಕಿ ಉಪಯೋಗ ಇಲ್ಲ ಅಂತ. ನಾಯಿ ಹತ್ರ ಬಂದಾಗ ಬಾಲದ ಕುಣಿತ ಹೆಚ್ಚಾಗ್ತದಾ ಅಂತ ನೀವೇ ಗಮನಿಸಿ ನೋಡಬಹುದು.

ಬೇಸಗೆಯ ಕಥೆ. ಮರಿ ದೊಡ್ಡದಾಗಿ ಅಕ್ಟೋಬರ್ ಕಳೀತು ಅಂದ್ರೆ ಕೂಗುವ ಕೆಲಸ ಮುಗೀತು, ಸ್ವರ ಕಮ್ಮಿಯಾಗ್ತಾ ಹೋಗಿ ಡಿಸೆಂಬರ್ ನಂತರ ಹೆಚ್ಚುಕಮ್ಮಿ ಮೂಕ. ಒಂಟಿಯಾಗಿಯೋ ಜೋಡಿಯಾಗಿಯೋ ತೋಡಿನ ಗುಂಡಿಯಲ್ಲಿ, ಕಟ್ಟ ಕಟ್ಟಿದಲ್ಲಿ, ಮದಕದ ಬದಿಯಲ್ಲಿ, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದ ನೀರು ಬಂದು ಬೀಳುವ ಟ್ಯಾಂಕಿಯ ಹತ್ರ ಸುತ್ತಾಡ್ತದೆ. ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟಾಗ ಒದ್ದೆ ಆದ ತರಗೆಲೆ ಕೆದಕಿ ಹುಳ ಹೆಕ್ಕುದು ಸಾಮಾನ್ಯ. ಭತ್ತದ ಕಾಳು, ಹುಲ್ಲಿನ ಬೀಜ ಕೂಡ ತಿಂತದೆ, ಹಾಗಾಗಿ ನೀರು ಪೂರ್ತಿ ಆರಿದ್ರೂ ಉಪವಾಸ ಬೀಳುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹನ್ನೆರಡು ನದಿ ಉಂಟು ಅಂತ ನಾವು ಹೆಮ್ಮೆಯಲ್ಲಿ ಹೇಳ್ತೇವೆ, ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಅಂತ ಲಿಸ್ಟ್ ಮಾಡ್ತೇವೆ, ಆದ್ರೆ ಹುಂಡುಕೋಳಿಗೆ ನದಿ ಬೇಕಾಗಿಲ್ಲ. ಅದಕ್ಕೆ ಬೇಕಾದ್ದು ನೀರಿನ ಅಂಚು, ಅದೂ ಗಲೀಜು ಅಂಚು. ಒಂದು ಕಡೆ ಕಾಲು ಮುಳುಗುವಷ್ಟು ನೀರು, ಹತ್ತು ಹೆಜ್ಜೆಯೊಳಗೆ ನಾಯಿ ಬಂದ್ರೆ ಓಡಿ ಹೊಕ್ಕುವಷ್ಟು ಬಲ್ಲೆ. ಇವೆರಡರಲ್ಲಿ ಒಂದು ಇಲ್ಲದಿದ್ರೆ ಹಕ್ಕಿ ಇಲ್ಲ.

ಗದ್ದೆ ಹೋಗಿ ತೋಟ ಆದ ಮೇಲೆ ನಮ್ಮ ಬೈಲುಗಳಲ್ಲಿ ಎಷ್ಟೋ ಹಕ್ಕಿಗಳಿಗೆ ಜಾಗ ಇಲ್ಲದ ಹಾಗೆ ಆಯ್ತು. 2008ರಲ್ಲಿ ಕೇರಳ ಸರಕಾರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಉಳಿಸ್ಲಿಕ್ಕೆ ಅಂತ ಕಾನೂನೇ ತಂತು, ಅಷ್ಟು ಹೊತ್ತಿಗೆ ನಮ್ಮಲ್ಲಿ ಏಣಿಲು, ಸುಗ್ಗಿ, ಕೊಳಕೆ ಅನ್ನುವ ಮೂರು ಭತ್ತದ ಬೆಳೆಗಳ ಹೆಸರೇ ಮಕ್ಕಳಿಗೆ ಗೊತ್ತಿಲ್ಲ. ಹುಂಡುಕೋಳಿ ಮಾತ್ರ ಈ ಬದಲಾವಣೆಯಲ್ಲಿ ಉಳ್ಕೊಂಡಿತು, ಯಾಕಂದ್ರೆ ಅಡಕೆ ತೋಟದಲ್ಲಿ ಸಾಲು ಸಾಲಿಗೆ ಕಣಿ ಉಂಟು, ಮೂಲೆಯಲ್ಲಿ ಕೆರೆ ಉಂಟು, ಗಡಿಯಲ್ಲಿ ಬೇಲಿ ಬಲ್ಲೆ ಉಂಟು, ಸೋಗೆ ಹಾಳೆ ಕೊಳೆತು ಹುಳ ಉಂಟು. ಹಾಗಾಗಿ ಜಾತಿಗೆ ಅಪಾಯ ಅಂತ ಹೇಳುವ ಪರಿಸ್ಥಿತಿ ಇಲ್ಲ, ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಕೂಡ ಇದು ಚಿಂತೆ ಇಲ್ಲದ ಗುಂಪಿನಲ್ಲೇ ಇರುದು. ಆದ್ರೆ ಈಗ ಹೊಸ ಫ್ಯಾಶನ್ ಶುರುವಾಗಿದೆ, ಕೆರೆ ಅಂದ್ರೆ ಜೆಸಿಬಿ ತಂದು ನಾಲ್ಕೂ ಬದಿ ಕೆರೆದು ಕೆಂಪುಕಲ್ಲು ಕಟ್ಟಿ ಸಿಮೆಂಟ್ ಬಳೀಬೇಕು, ಕಣಿ ಬದಿಗೆ ಕಳೆನಾಶಕ ಹೊಡೀಬೇಕು, ಒಂದು ಹುಲ್ಲು ಕಾಣಬಾರದು. ನೋಡ್ಲಿಕ್ಕೆ ಚೊಕ್ಕ, ಒಪ್ಪುವ. ಆ ವರ್ಷ ಆ ಕೆರೆಯಲ್ಲಿ ಕೂಗು ಕೇಳುದಿಲ್ಲ ಅಷ್ಟೇ. ಹೂಳು ತೆಗೀಬೇಡಿ ಅಂತ ನಾನು ಹೇಳುದಿಲ್ಲ, ಕೆರೆ ಇರುದೇ ತೋಟಕ್ಕೆ ನೀರಿಗೆ. ತೆಗೆಯುವುದಾದ್ರೆ ಮಾರ್ಚ್ ಏಪ್ರಿಲಿನಲ್ಲಿ ತೆಗೀರಿ, ಆಗ ಗೂಡು ಇರುದು ಕಮ್ಮಿ, ಮತ್ತೆ ಒಂದು ಬದಿಯಾದ್ರೂ ಮುಂಡುಗವೋ ಕೆಸುವೋ ಇದ್ದ ಹಾಗೇ ಬಿಡಿ. ಕೀಟನಾಶಕ ನೀರಿಗೆ ಸೇರಿದ್ರೆ ಏನಾಗ್ತದೆ ಅಂತ ಗೇರುತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಹೊಡೆದ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗೂಡು ಎಲ್ಲಿ ಅಂದ್ರೆ, ನೆಲದ ಮೇಲೆ ಒಣಗಿದ ಜಾಗದಲ್ಲಿ ಹುಲ್ಲಿನ ಮಧ್ಯೆ, ಅಥವಾ ನೀರಿನಿಂದ ಒಂದೆರಡು ಮೀಟರ್ ಎತ್ತರದಲ್ಲಿ ಬಿದಿರು, ಮುಂಡುಗ, ಬಳ್ಳಿ ಹೆಣೆದ ಪೊದೆಯಲ್ಲಿ. ಕಡ್ಡಿ, ದಂಟು, ಎಲೆ ಸೇರಿಸಿದ ಒಂದು ತಗ್ಗು ತಟ್ಟೆ, ದೊಡ್ಡ ಕಸುಬುಗಾರಿಕೆ ಏನಿಲ್ಲ. ಸಾಮಾನ್ಯವಾಗಿ ಆರೇಳು ಮೊಟ್ಟೆ, ಸುಮಾರು 20 ದಿನ ಕಾವು, ಗಂಡು ಹೆಣ್ಣು ಇಬ್ಬರೂ ಪಾಳಿಯಲ್ಲಿ ಕೂತ್ಕೊಳ್ತಾರೆ. ಈ ದಿನಗಳಲ್ಲಿ ಕೆಂಬೂತ, ಕೇರೆ ಹಾವು, ಉಡ, ಮುಂಗುಸಿ, ಸಾಲದ್ದಕ್ಕೆ ನಮ್ಮ ಮನೆ ಬೆಕ್ಕು, ಎಲ್ಲರಿಗೂ ಆ ಮೊಟ್ಟೆ ಮೇಲೆ ಕಣ್ಣು.

ಮರಿಗಳದ್ದೇ ಬೇರೆ ಲೋಕ. ಹುಟ್ಟುವಾಗ್ಲೇ ಮೈ ತುಂಬ ಕಪ್ಪು ತುಪ್ಪಳ, ಹೆಚ್ಚು ಹೊತ್ತು ಗೂಡಲ್ಲಿ ಕೂರುದಿಲ್ಲ, ಅಪ್ಪ ಅಮ್ಮನ ಹಿಂದೆ ಸಾಲು ಹಿಡಿದು ಹೊರಟುಬಿಡ್ತವೆ. ಅಪಾಯ ಬಂದ್ರೆ ನೀರಿಗೆ ಹಾರಿ ಮುಳುಗಿ ಸೊಪ್ಪಿನ ಅಡಿಗೆ ಅಡಗ್ತವೆ. ತೊಂದರೆ ಎಂತ ಅಂದ್ರೆ, ತೋಟದಲ್ಲಿ ಒಂದು ಕಪ್ಪು ಮರಿ ಒಂಟಿಯಾಗಿ ಕಂಡ ಕೂಡ್ಲೆ ಜನ ಪಾಪ ಅಂತ ಎತ್ತಿ ಮನೆಗೆ ತರ್ತಾರೆ, ಕೋಳಿ ಪಿಳ್ಳೆ ಅಂತ ಅನ್ಕೊಂಡು ಅಕ್ಕಿ ನುಚ್ಚು ಹಾಕ್ತಾರೆ. ಅದು ತಿನ್ನುದಿಲ್ಲ. ಕೋಳಿ ಮರಿ ಹುಟ್ಟಿದ ಕೂಡ್ಲೆ ತಾನೇ ಹೆಕ್ಕಿ ತಿಂತದೆ, ಹುಂಡುಕೋಳಿ ಮರಿಗೆ ಶುರುವಿನ ದಿನಗಳಲ್ಲಿ ತಂದೆತಾಯಿ ಕೊಕ್ಕಿನಿಂದ ಕೊಕ್ಕಿಗೆ ಹುಳ ಕೊಡ್ಬೇಕು. ಮೊಟ್ಟೆ ತಂದು ಊರುಕೋಳಿಯ ಅಡಿಗೆ ಕಾವಿಗೆ ಇಡುವವರಿಗೂ ಇದೇ ಗತಿ, ಮರಿ ಹೊರಗೆ ಬರಬಹುದು, ಆದ್ರೆ ಕೋಳಿಗೆ ಬಾಯಿಗೆ ಉಣಿಸುವ ಅಭ್ಯಾಸ ಇಲ್ಲ. ಹಾಗಾಗಿ ಒಂಟಿ ಮರಿ ಕಂಡ್ರೆ ನಾಯಿ ಬೆಕ್ಕು ಕಟ್ಟಿ ಹಾಕಿ, ಮರಿ ದಾರಿಯಲ್ಲಿದ್ರೆ ಹತ್ರದ ಬಲ್ಲೆ ಬದಿಗೆ ಬಿಟ್ಟು, ನೀವು ದೂರ ಹೋಗಿ. ಹೆಚ್ಚಿನ ಸಲ ತಾಯಿಯೋ ತಂದೆಯೋ ಹತ್ತಿಪ್ಪತ್ತು ಅಡಿ ದೂರದಲ್ಲೇ ನಿಮ್ಮನ್ನು ಬೈತಾ ನಿಂತಿರ್ತದೆ. ಉರುಳು ಇಟ್ಟು ಹಿಡಿಯುದು, ಮೊಟ್ಟೆ ತೆಗೆಯುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಆಟಿ ತಿಂಗಳಲ್ಲಿ ಮದ್ದಿಗೆ ಅಂತ ಹೇಳಿದ್ರೂ ಅಪರಾಧವೇ.

ಪ್ಲಾಸ್ಟಿಕ್ ಹಾಸಿದ ನೀರಿನ ಹೊಂಡಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಗುಡ್ಡೆಯ ಬದಿಯಲ್ಲಿ ಮಳೆನೀರು ಹಿಡೀಲಿಕ್ಕೆ ಸಿಲ್ಪಾಲಿನ್ ಹಾಕಿ ಹೊಂಡ ಮಾಡ್ತೇವಲ್ಲ, ಅದಕ್ಕೆ ಬಿದ್ದ ಮರಿಗೆ ಮೇಲೆ ಹತ್ತಿ ಬರ್ಲಿಕ್ಕೆ ಆಗುದಿಲ್ಲ, ಪ್ಲಾಸ್ಟಿಕ್ ಜಾರ್ತದೆ. ದೊಡ್ಡ ಹಕ್ಕಿ ಹಾರಿ ಪಾರಾಗ್ತದೆ, ಮರಿ ಸುತ್ತು ಹೊಡೆದು ಹೊಡೆದು ಸುಸ್ತಾಗ್ತದೆ. ಒಂದು ಅಡಕೆ ಸಲಕೆ ಓರೆಯಾಗಿ ಇಳಿಸಿ ಇಡಿ, ಅಥವಾ ಗಂಟು ಹಾಕಿದ ಹಳೇ ಹಗ್ಗ, ಗೋಣಿ. ಹುಂಡುಕೋಳಿ ಮರಿ ಮಾತ್ರ ಅಲ್ಲ, ಓತಿಕ್ಯಾತ, ಮುಂಗುಸಿ ಮರಿ ಎಲ್ಲ ಅದರಲ್ಲಿ ಹತ್ತಿ ಬರ್ತವೆ.

ಓಡಿಸುವ ವಿಷಯ. ಪಟಾಕಿ ಹೊಡೆದ್ರೆ ಹತ್ತು ನಿಮಿಷ ಸುಮ್ನಾಗ್ತದೆ, ಆಮೇಲೆ ಇನ್ನೂ ಜೋರು. ಟಾರ್ಚ್ ಬಿಟ್ರೆ ಆಚೆ ಬಲ್ಲೆಗೆ ಹೋಗಿ ಅಲ್ಲಿಂದ ಕೂಗ್ತದೆ. ಬಲ್ಲೆ ಪೂರ್ತಿ ಕಡಿದ್ರೆ ಹೋಗ್ತದೆ, ಆದ್ರೆ ಜುಲೈಯಲ್ಲಿ ಕಡಿದ್ರೆ ಗೂಡು ಕೂಡ ಹೋಗ್ತದೆ, ಮತ್ತೆ ಬಸವನಹುಳ ಹೆಕ್ಕುವವರು ಯಾರು? ಆಫ್ರಿಕನ್ ಬಸವನಹುಳಕ್ಕೆ ಉಪ್ಪು ಚೆಲ್ಲಿ ಸಾಕಾದವರು ನಮ್ಮಲ್ಲಿ ಎಷ್ಟು ಜನ ಇಲ್ಲ, ದೊಡ್ಡ ಹುಳ ಇದರ ಬಾಯಿಗೆ ಹಿಡಿಯದಿದ್ರೂ ಸಣ್ಣ ಪುಟ್ಟ ಬಸವನಹುಳ ಇದರ ಊಟವೇ. ನಿದ್ದೆ ತೀರಾ ಹಾಳಾಗ್ತದೆ ಅಂದ್ರೆ ಕೆರೆ ಕಡೆಯ ಕಿಟಕಿ ಹಾಕಿ ಈಚೆ ಕೋಣೆಯಲ್ಲಿ ಮಲಗಿ, ನನಗೆ ಬೇರೆ ದಾರಿ ಗೊತ್ತಿಲ್ಲ.

ಕಣ್ಣಾರೆ ನೋಡ್ಬೇಕಾದ್ರೆ ಸಂಜೆ ಐದೂವರೆ ಆರಕ್ಕೆ, ಮಳೆ ಒಂದು ಗಳಿಗೆ ಬಿಟ್ಟಾಗ, ಕೆರೆಗೆ ಹೋಗುವ ದಾರಿಯಲ್ಲಿ ಅಡಕೆ ಮರಕ್ಕೆ ಒರಗಿ ಅಲ್ಲಾಡದೆ ನಿಲ್ಲಿ. ನಾಯಿ ಕರ್ಕೊಂಡು ಹೋಗಬೇಡಿ, ಜಿಗಣೆಗೆ ಸುಣ್ಣ ಕಿಸೆಯಲ್ಲಿರಲಿ. ಸ್ವರ ಗುರ್ತ ಹಿಡೀಲಿಕ್ಕೆ ಮೊಬೈಲಿನಲ್ಲಿ ಮರ್ಲಿನ್ ಆಪ್ ಉಂಟು, ಕೂಗು ಕೇಳಿಸಿದ್ರೆ ಹೆಸರು ಹೇಳ್ತದೆ, ಕಪ್ಪೆ ಕೂಗುವಾಗ ಹಿಡಿದ್ರೆ ಅದಕ್ಕೂ ಕನ್ಫ್ಯೂಸ್ ಆಗಬಹುದು. ಆದ ಮೇಲೆ ನೋಡಿದ್ದನ್ನು ಇಬರ್ಡ್ ಅನ್ನುವ, ಹಕ್ಕಿ ನೋಡಿದವರು ಲಿಸ್ಟ್ ಹಾಕುವ ಜಾಲತಾಣದಲ್ಲಿ ಹಾಕಿ. 2015ರಿಂದ 2020ರ ತನಕ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಎಲ್ಲಿ ಯಾವ ಹಕ್ಕಿ ಉಂಟು ಅಂತ ತೋರಿಸುವ ಕೇರಳ ಬರ್ಡ್ ಅಟ್ಲಾಸ್ ಮಾಡಿದಾಗ ಒಂದೇ ಜಾಗವನ್ನು ಮಳೆಗಾಲಕ್ಕೊಮ್ಮೆ ಬೇಸಗೆಗೊಮ್ಮೆ ಅಂತ ಎರಡೆರಡು ಸಲ ನೋಡಿದ್ರು. ಮಳೆಗಾಲದಲ್ಲಿ ಹುಂಡುಕೋಳಿಯನ್ನು ಲಿಸ್ಟಿಗೆ ಸೇರ್ಸುದು ಸುಲಭ, ಮನೆಯೊಳಗೆ ಕೂತೇ ಕೇಳ್ತದಲ್ಲ. ಬಾಯಿ ಬಿಡದ ಕಾಲದಲ್ಲಿ, ಫೆಬ್ರವರಿ ಮಾರ್ಚಲ್ಲಿ, ಸ್ಪ್ರಿಂಕ್ಲರ್ ಬಿಟ್ಟ ತೋಟದಲ್ಲೋ ಬಚ್ಚಲ ಕಣಿಯಲ್ಲೋ ಕಂಡದ್ದನ್ನು ಹಾಕುವವರು ಕಮ್ಮಿ, ಅದನ್ನು ಹಾಕಿ.